ಅಜ್ಜಿಯ ದನಿ ಮತ್ತು ನನ್ನ ಮೂರು ಸಾಫ್ಟ್‌ವೇರುಗಳು

ಮೊನ್ನೆ ಶನಿವಾರ ಬೆಳಿಗ್ಗೆ ಊರಿಂದ ತಂಗಿ ಫೋನು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಎಂದಿನ ಜಿಟಿಜಿಟಿ ಮಳೆ, ನಾನಿನ್ನೂ ಹೊದ್ದುಕೊಂಡೇ ಇದ್ದೆ. "ಅಣ್ಣಾ, ಚಪ್ಪರದ ದಿನಕ್ಕೆ ಅಜ್ಜಿ ಹಾಡಿದ್ವಲ್ಲ ಸೋಬಾನೆ ಪದ, ಅವನ್ನ ಕಳ್ಸು. ನಿನ್ನ ಡ್ರಮ್ಮು ಗಿಮ್ಮು ಏನೂ ಬೇಡ. ಬರೀ ಅಜ್ಜಿ ದನಿ" ಅಂದ್ಲು. ಅದೇನು ಮಹಾ, ಸಂಜೆಯೊಳಗೆ ಕಳಿಸ್ತೀನಿ ಅಂದೆ.

ಆ ಸಂಜೆ ಇನ್ನೂ ಬಂದಿಲ್ಲ!

2019ರ ದೀಪಾವಳಿಗೆ ಅರಸೀಕೆರೆಗೆ ಹೋಗಿದ್ದಾಗ ಪಡಸಾಲೆಯಲ್ಲಿ ಅಜ್ಜಿಯನ್ನ ಕೂರಿಸಿ, ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಮೈಕು ಸಿಕ್ಕಿಸಿ ಮೂರು ಪದ ರೆಕಾರ್ಡ್ ಮಾಡಿದ್ದೆ. "ಈ ಕಡ್ಡಿಗೆ ಕಿವಿ ಇದ್ಯೇನೋ ಮಗಾ?" ಅಂತ ಕೇಳಿ ನಕ್ಕು, ಆಮೇಲೆ ಕಣ್ಣು ಮುಚ್ಚಿಕೊಂಡು ಹಾಡಿದ್ರು. ಅಜ್ಜಿ ಈಗಿಲ್ಲ. ಆ ಪದಗಳನ್ನ ಪೂರ್ತಿ ಬಲ್ಲವರೂ ಮನೇಲಿ ಯಾರೂ ಉಳಿದಿಲ್ಲ.

ಎರಡು ಪದ ಹಾಗೇ ಸಿಕ್ಕವು. ಮೂರನೇದರ ಪ್ರಾಜೆಕ್ಟ್ ಫೈಲನ್ನ ಹಳೇ ಹಾರ್ಡ್‌ಡಿಸ್ಕಿನಿಂದ ತೆಗೆದರೆ ಪರದೆ ತುಂಬ ಖಾಲಿ ಪಟ್ಟಿಗಳು, "ಫೈಲ್ ಸಿಗುತ್ತಿಲ್ಲ" ಅನ್ನೋ ಸಂದೇಶ. ದನಿಯ ಫೈಲು ಹಳೇ ಲ್ಯಾಪ್‌ಟಾಪಿನ ಬೇರೊಂದು ಫೋಲ್ಡರಿನಲ್ಲಿತ್ತು. ಇಲ್ಲಿಗೆ ಬರುವಾಗ ಅದನ್ನ ಫಾರ್ಮ್ಯಾಟ್ ಮಾಡಿ ಚಿಕ್ಕಪ್ಪನ ಮಗನಿಗೆ ಕೊಟ್ಟಿದ್ದೆ. ಉಳಿದಿರೋದು ನನ್ನ ಡ್ರಮ್ಮು, ಬೇಸು, ಎಕೋ ಎಲ್ಲ ಬೆರೆತ ಒಂದು ಎಂಪಿ3 ಮಾತ್ರ.

ತಪ್ಪು ಯಾವ ಸಾಫ್ಟ್‌ವೇರಿನದೂ ಅಲ್ಲ, ಪೂರ್ತಿ ನಂದೇ. ಪ್ರಾಜೆಕ್ಟ್ ಫೈಲ್ ಅನ್ನೋದು ಹಾಡಲ್ಲ ಸ್ವಾಮಿ, ಹಾಡಿನ ವಿಳಾಸ. ಯಾವ ಫೈಲು ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು, ಯಾವ ಪ್ಲಗಿನ್ ಹಾಕಬೇಕು ಅನ್ನೋ ಬರಹ ಅಷ್ಟೆ. ಮನೆ ಬಿದ್ದುಹೋದ ಮೇಲೆ ವಿಳಾಸ ಇಟ್ಕೊಂಡು ಏನು ಮಾಡೋದು? ಆಫೀಸಿನಲ್ಲಿ ಯಾರದೋ ಇನ್‌ವಾಯ್ಸ್ ಡೇಟಾಗೆ ರಾತ್ರಿಗೆ ಎರಡು ಸಲ ಬ್ಯಾಕಪ್ ತಗೊಳ್ಳೋ ಇಂಜಿನಿಯರ್ ನಾನು. ನಗಬೇಡಿ.

ಬರ್ಮಿಂಗ್‌ಹ್ಯಾಮಿನ ಗೆಳೆಯನಿಗೆ ಹೇಳಿದೆ. "ಅದಕ್ಕೇ ಹೇಳೋದು, ಒಂದೇ ಸಾಫ್ಟ್‌ವೇರ್ ಇಟ್ಕೋ. ಮೂರು ಮೂರು ಯಾಕೆ ಬೇಕು?" ಅಂದ. ಬಹಳ ಜನರ ಸಲಹೆಯೂ ಇದೇ. ನಾನು ಇದನ್ನ ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ.

ಅಜ್ಜಿ ಹಾಡಿದ್ದು ಯಾವ ಮೆಟ್ರೊನೋಮಿಗೂ ಅಲ್ಲ. ಮೊದಲ ನುಡಿ ನಿಮಿಷಕ್ಕೆ 84 ಬೀಟ್ ಇದ್ದರೆ ಕೊನೇ ನುಡಿ ಹೊತ್ತಿಗೆ 96 ಆಗಿತ್ತು. ಮದುವೆ ಮನೆಯ ಹಾಡು ಹಾಗೇ ಅಲ್ವಾ, ಹೋಗ್ತಾ ಹೋಗ್ತಾ ಬಿರುಸಾಗುತ್ತೆ. ಇಂಥ ದನಿ ಹಿಡಿಯೋಕೆ, ಅದರ ನಡಿಗೆಗೆ ತಕ್ಕಂತೆ ಟೆಂಪೋ ಗುರುತು ಹಾಕೋಕೆ ನನಗೆ ರೀಪರ್ ಚೆಂದ. ಅದೇ ಡ್ರಮ್ಮಿನ ಮಾದರಿ ಕಟ್ಟೋಕೆ ಕೂತರೆ ಎಫ್‌ಎಲ್ ಸ್ಟುಡಿಯೋದಲ್ಲಿ ಕೈ ತಾನಾಗೇ ಓಡುತ್ತೆ. ಕಾಲೇಜಿನ ಹಾಸ್ಟೆಲಿನಲ್ಲಿ ಕಲಿತದ್ದು ಅದೇ ನೋಡಿ. ಗದ್ದಲ ತೆಗೆಯೋಕೆ, ಚೂರುಪಾರು ಕತ್ತರಿಸೋಕೆ ಆಡಾಸಿಟಿ, ಅದೂ ಬಿಟ್ಟಿ. ಈಳಿಗೆಮಣೆ ಇದೆ ಅಂತ ಒರಳುಕಲ್ಲು ಎಸೀತಾರಾ?

ಬೆರಕೆ ಅನ್ನೋದು ಈ ಸೀಮೆಯ ಗುಣವೂ ಹೌದು. ನಮ್ಮೂರಿಂದ ಬಹಳ ದೂರವೇನಲ್ಲದ ಕೊವೆಂಟ್ರಿಯ ಪಂಜಾಬಿ ಎಂಸಿ 1998ರಲ್ಲಿ 'ಮುಂಡಿಯಾಂ ತೋ ಬಚ್ ಕೆ' ಮಾಡಿದಾಗ ಪಂಜಾಬಿನ ತುಂಬಿಗೂ ಲಾಭ್ ಜಂಜುವಾ ದನಿಗೂ 'ನೈಟ್ ರೈಡರ್' ಅನ್ನೋ ಅಮೆರಿಕದ ಟೀವಿ ಸೀರಿಯಲ್ಲಿನ ಬೇಸನ್ನ ಕಟ್ಟಿಬಿಟ್ಟರು. 2003ರಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಜಾಗಕ್ಕೆ ಹೋಯ್ತು. ಇವತ್ತಿಗೂ ಇಲ್ಲಿನ ಪಂಜಾಬಿ ಮದುವೆಗಳಲ್ಲಿ ಅದು ಶುರುವಾದರೆ ತಾತಂದಿರೂ ಎದ್ದು ನಿಲ್ತಾರೆ. ಹಾಗಾಗಿ ಬೆರೆಸೋದರಲ್ಲಿ ತಪ್ಪಿಲ್ಲ. ಬೆರೆಸಿದ ಮೇಲೆ ಬಿಡಿಬಿಡಿಯಾಗಿ ವಾಪಸ್ ಸಿಗಬೇಕು, ಅಷ್ಟೇ ನನ್ನ ವಾದ.

ಅದಕ್ಕೆ ಸಾಫ್ಟ್‌ವೇರುಗಳ ನಡುವಿನ ಜಾಣ ಸೇತುವೆಗಳನ್ನ ನಂಬಬಾರದು. ರೀವೈರ್ ಅಂತ ಒಂದಿತ್ತು. 1998ರಲ್ಲಿ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಕಂಪನಿ ತಂದದ್ದು. ಎರಡು ಸಾಫ್ಟ್‌ವೇರು ಒಟ್ಟಿಗೆ ಓಡ್ತಾ ಒಂದರ ಸದ್ದು ಇನ್ನೊಂದಕ್ಕೆ ಹರೀತಿತ್ತು. 2020ರ ಕೊನೆಗೆ ಅದನ್ನ ನಿಲ್ಲಿಸಿದರು. 2002ರಲ್ಲಿ ಆ್ಯಪಲ್ ಕಂಪನಿ ಇಮ್ಯಾಜಿಕ್ಕನ್ನ ಕೊಂಡಾಗ ಲಾಜಿಕ್‌ನ ವಿಂಡೋಸ್ ಆವೃತ್ತಿ ನಿಂತಿತು. 2017ರಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ಕೆಲಸ ನಿಲ್ಲಿಸಿತು, ಮರುವರ್ಷ ಬ್ಯಾಂಡ್‌ಲ್ಯಾಬ್ ಕೊಂಡಿದ್ದಕ್ಕೆ ಉಸಿರಾಡಿತು. ಒಂದೇ ಸಾಫ್ಟ್‌ವೇರ್ ಇಟ್ಕೋ ಅನ್ನೋರೂ ಇದನ್ನ ಗಮನಿಸಬೇಕು. ಆ ಒಂದೇ ಮುಳುಗಿದರೆ? 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಸೇರಿ ಡಿಎಡಬ್ಲ್ಯೂ-ಪ್ರಾಜೆಕ್ಟ್ ಅನ್ನೋ ಮುಕ್ತ ಫೈಲ್ ಮಾದರಿ ತಂದಿದ್ದಾರೆ. ಒಳ್ಳೇದೇ, ಆದ್ರೆ ಎಲ್ಲ ಸಾಫ್ಟ್‌ವೇರೂ ಅದನ್ನ ಓದಲ್ಲ.

ಮಿಡಿ ಫೈಲ್ ಇದೆಯಲ್ಲ ಅಂತೀರಾ? ಅದರಲ್ಲಿ ಸದ್ದೇ ಇರಲ್ಲ, ಯಾವ ಸ್ವರ ಯಾವಾಗ ಒತ್ತಬೇಕು ಅನ್ನೋ ಸೂಚನೆ ಮಾತ್ರ. ಒಂದು ಕಡೆ ಕೊಳಲಿನ ಗಮಕ ಬಾಗಿಸಿರ್ತೀವಿ, ಅಲ್ಲಿ ಪಿಚ್ ಬೆಂಡ್ ವ್ಯಾಪ್ತಿ 2 ಸ್ವರಸ್ಥಾನ. ಇನ್ನೊಂದು ಕಡೆ ಅದು 12 ಇದ್ದರೆ ಅದೇ ಗಮಕ ಆರು ಪಟ್ಟು ಹಿಗ್ಗಿ ಆಂಬ್ಯುಲೆನ್ಸ್ ಕೂಗಿದ ಹಾಗೆ ಕೇಳುತ್ತೆ!

ಕೊನೆಗೂ ಎಲ್ಲೆಡೆ ತೆರೆಯೋದು ವೇವ್ ಫೈಲು. 1991ರದು, ಮುದುಕ, ಆದ್ರೆ ನಂಬಿಕಸ್ಥ. ಈಗ ನಾನು ಮಾಡೋದು ಇಷ್ಟು. ರೆಕಾರ್ಡ್ ಮಾಡಿದ ಮೂಲ ದನಿಯನ್ನ ಮುಟ್ಟಲ್ಲ, ಎಡಿಟಿಂಗ್ ಎಲ್ಲ ಅದರ ನಕಲಿನ ಮೇಲೆ. ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ವಾದ್ಯವನ್ನೂ ಬೇರೆ ಬೇರೆ ವೇವ್ ಆಗಿ, ಎಲ್ಲವೂ ಸೊನ್ನೆ ಸೆಕೆಂಡಿಂದಲೇ ಶುರುವಾಗೋ ಹಾಗೆ ತೆಗೀತೀನಿ. ಎಲ್ಲಿ ತೆರೆದರೂ ತಾಳ ತಪ್ಪಲ್ಲ. ಫೈಲಿನ ಹೆಸರಲ್ಲೇ ಟೆಂಪೋ, ಶ್ರುತಿ, ಸ್ಯಾಂಪಲ್ ರೇಟ್ ಬರೀತೀನಿ. ಈ ಕೊನೇದು ಸಣ್ಣದಲ್ಲ. ಒಮ್ಮೆ 44.1 ಕಿಲೋಹರ್ಟ್ಸ್ ಫೈಲು 48ರ ಲೆಕ್ಕದಲ್ಲಿ ಓಡಿ ಅಜ್ಜಿಯ ಶ್ರುತಿ ಹತ್ತಿರ ಹತ್ತಿರ ಒಂದೂವರೆ ಸ್ವರಸ್ಥಾನ ಏರಿತ್ತು. ನಾಲ್ಕು ನಿಮಿಷದ ಪದ ಇಪ್ಪತ್ತು ಸೆಕೆಂಡು ಮೊದಲೇ ಮುಗಿದಿತ್ತು. ಯಾರೋ ಹುಡುಗಿ ಹಾಡಿದ ಹಾಗಿತ್ತು, ಅಜ್ಜಿ ಅಲ್ಲ.

ಜಾಗ ಸಾಲಲ್ಲ ಅನ್ನಬೇಡಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡಿಗೆ ಆರು ಪದರ ಇದ್ದರೂ 260 ಎಂಬಿ ಆಸುಪಾಸು. ಒಂದು ಸಿನಿಮಾ ಅದಕ್ಕಿಂತ ದೊಡ್ಡದು.

ಗೆಳೆಯ ಹೇಳಿದ್ದರಲ್ಲಿ ಒಂದು ಸತ್ಯ ಇದೆ, ಒಪ್ಪಬೇಕು. ಹೀಗೆ ತೆಗೆದು ಹಾಕಿ ಮಾಡ್ತಾ ಕೂತರೆ ಹಾಡಿನ ಹುರುಪು ಇಳಿಯುತ್ತೆ. ಮೊದಲ ಕರಡು ಒಂದೇ ಕಡೆ ಆಗಲಿ. ಆದ್ರೆ ಮಲಗೋ ಮುಂಚೆ ಹತ್ತು ನಿಮಿಷ ಕೊಟ್ಟು ಬಿಡಿ ಪದರಗಳನ್ನ ತೆಗೆದಿಡಿ. ಪಾತ್ರೆ ತೊಳೆದಿಟ್ಟು ಮಲಗಿದ ಹಾಗೆ.

ಆ ಮೂರನೇ ಪದ? ದನಿ ಬೇರ್ಪಡಿಸೋ ಎಐ ಸಾಫ್ಟ್‌ವೇರಿಗೆ ಎಂಪಿ3 ಕೊಟ್ಟೆ. ಡ್ರಮ್ಮು ಹೋಯ್ತು, ಅಜ್ಜಿ ದನಿ ಬಂತು ನಿಜ. ಆದ್ರೆ ಹಾಡ್ತಾ ಹಾಡ್ತಾ ಅಜ್ಜಿ ತೊಡೆ ತಟ್ಟಿಕೊಳ್ತಿದ್ರು, ಕೈಬಳೆ ಸಣ್ಣಗೆ ಸದ್ದು ಮಾಡ್ತಿತ್ತು. ಅದೆಲ್ಲ ಡ್ರಮ್ಮಿನ ಜೊತೆಗೇ ಹೊರಟುಹೋಗಿದೆ. ಅದು ದನಿ ಅಲ್ಲ ಅಂತ ಸಾಫ್ಟ್‌ವೇರಿನ ತೀರ್ಮಾನ. ಪಾಪ, ಅದಕ್ಕೇನು ಗೊತ್ತು.

ಸದ್ಯ ತಂಗಿಗೆ ಎರಡು ಪದ ಕಳಿಸಿದ್ದೀನಿ. ಮೂರನೇದು ಎಲ್ಲಿ ಅಂತ ಅವಳು ಇನ್ನೂ ಕೇಳಿಲ್ಲ, ಕೇಳಿದರೆ ಇದನ್ನೇ ಓದಿಸಬೇಕು. ನಿಮ್ಮ ಕಂಪ್ಯೂಟರಿನಲ್ಲೂ ಇಂಥದ್ದೊಂದು ದನಿ ಯಾವುದೋ ಪ್ರಾಜೆಕ್ಟಿನೊಳಗೆ ಸಿಕ್ಕಿಹಾಕಿಕೊಂಡಿದ್ದರೆ ಇವತ್ತೇ ತೆಗೆದಿಡಿ. ನೀವು ಹೇಗೆ ಕಾಪಾಡ್ತೀರಿ ಅಂತ ನನಗೂ ಹೇಳಿ.