ಹಿಂದೂಪುರದ ಪರೀಕ್ಷೆ, ನಮ್ಮ ಪರೀಕ್ಷೆ

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ದೀಪ ಆರುವುದು ತಡವಾಗುತ್ತದೆ. ಕಾಸರಗೋಡಿನಲ್ಲಿ ಹೇಗೋ, ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಲಿನ ಕನ್ನಡ ಮನೆಗಳಲ್ಲೂ ಹಾಗೆಯೇ. ಅಷ್ಟು ದೂರದ ಊರುಗಳ ಮಾತನ್ನು ಇಲ್ಲೇಕೆ ಎತ್ತಿದಿರಿ ಎಂದು ಓದುಗರು ಕೇಳಬಹುದು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಯ ಕನ್ನಡಿಗರು ಅತ್ತ ಉಳಿದರು. 1956ರಲ್ಲಿ ಕೇರಳ ರಚನೆಯಾದಾಗ ನಾವು ಇತ್ತ ಉಳಿದೆವು. ಹಿಂದೂಪುರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಇದೆ. ಜಿಲ್ಲೆಯ ಹೆಸರು ಬದಲಾದರೂ ಕನ್ನಡ ಮಾಧ್ಯಮದ ಮಗುವಿನ ಪಾಡು ಬದಲಾಗಲಿಲ್ಲ.

ಆಂಧ್ರದ ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವುಂಟು. 2023ರಿಂದ ಅಲ್ಲಿ ಆರು ವಿಷಯಗಳು, ತಲಾ 100 ಅಂಕ. 2024ರಿಂದ ವಿಜ್ಞಾನವನ್ನು 50 ಅಂಕಗಳ ಎರಡು ಭಾಗ ಮಾಡಿ ಎರಡು ದಿನ ಬರೆಸುತ್ತಾರೆ. 20 ಆಂತರಿಕ ಅಂಕಗಳ ಆಸರೆಯನ್ನು 2019-20ರಲ್ಲೇ ಅಲ್ಲಿ ಕೈಬಿಟ್ಟರು. ನಮ್ಮಲ್ಲಿ ನಿರಂತರ ಮೌಲ್ಯಮಾಪನದ ಅಂಕ ಇದೆಯಾದರೂ, ಲಿಖಿತ ಪರೀಕ್ಷೆಯಲ್ಲೇ ಶೇಕಡಾ 30 ಪಡೆಯಬೇಕೆಂಬ ನಿಯಮವನ್ನು ಎಂಟನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತರಲು ಕೇರಳ ಸರಕಾರ 2024ರಲ್ಲಿ ನಿರ್ಧರಿಸಿತು. ಎರಡೂ ಕಡೆ ಭಾರ ಬೀಳುವುದು ಬರವಣಿಗೆಯ ಮೇಲೆ. ಬರವಣಿಗೆ ಎಂದ ಮೇಲೆ ಭಾಷೆಯ ಪ್ರಶ್ನೆ ಬಂದೇ ಬರುತ್ತದೆ.

ಪಾಠ ಬಂದರೂ ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಳ್ಳುವ ಕಷ್ಟ ಅಲ್ಪಸಂಖ್ಯಾತರ ಮಕ್ಕಳಿಗೆ ಹೆಚ್ಚು. ಕನ್ನಡದಲ್ಲಿ ನಾವು 'ವೇಗೋತ್ಕರ್ಷ' ಎಂದು ಕಲಿಸುವುದು ತೆಲುಗಿನಲ್ಲಿ 'ತ್ವರಣಂ', ಮಲಯಾಳದಲ್ಲೂ 'ತ್ವರಣಂ'. ನಮ್ಮ 'ದ್ಯುತಿಸಂಶ್ಲೇಷಣೆ' ತೆಲುಗಿನಲ್ಲಿ 'ಕಿರಣಜನ್ಯ ಸಂಯೋಗಕ್ರಿಯ', ಮಲಯಾಳದಲ್ಲಿ 'ಪ್ರಕಾಶಸಂಶ್ಲೇಷಣಂ'. ಎಲ್ಲವೂ ಸಂಸ್ಕೃತದ ಪದಗಳೇ, ಆದರೆ ಮಗು ಓದಿದ್ದು ಒಂದು, ಕಾಣುವುದು ಇನ್ನೊಂದು. ರೂಪ ಒಂದೇ ಇದ್ದು ಅರ್ಥ ಬೇರೆಯಾದಾಗ ಅಪಾಯ ಇನ್ನೂ ಹೆಚ್ಚು. ಕನ್ನಡದ ಮಗುವಿಗೆ 'ವ್ಯಾಸ' ಎಂದರೆ ವೃತ್ತದ ಅಳತೆ. ತೆಲುಗಿನಲ್ಲಿ ಅದಕ್ಕೆ ಪ್ರಬಂಧ ಎಂಬ ಅರ್ಥವೂ ಉಂಟು. ಮಲಯಾಳದಲ್ಲಿ ಪ್ರಬಂಧಕ್ಕೆ 'ಉಪನ್ಯಾಸಂ' ಎನ್ನುತ್ತಾರೆ. ಒಂದು ಮಾದರಿ ಪ್ರಶ್ನೆಪತ್ರಿಕೆಯಲ್ಲಿ "ಉಪನ್ಯಾಸ ಬರೆಯಿರಿ" ಎಂದಿದ್ದುದನ್ನು ಕಂಡು ನಮ್ಮ ತರಗತಿಯ ಹುಡುಗಿಯೊಬ್ಬಳು, "ಉಪನ್ಯಾಸ ಮಾಡುವುದಲ್ಲವೇ ಸರ್, ಬರೆಯುವುದು ಹೇಗೆ?" ಎಂದು ಕೇಳಿದಳು. ತಪ್ಪು ಅವಳದಲ್ಲ. ತರಗತಿಯಲ್ಲಾದ ಕಾರಣ ಕೇಳಿದಳು. ಪರೀಕ್ಷಾ ಕೊಠಡಿಯಲ್ಲಿ ಯಾರನ್ನು ಕೇಳಬೇಕು?

ಆದುದರಿಂದ ವರ್ಷಾಂತ್ಯದ ಸಿದ್ಧತೆ ಪದಗಳಿಂದಲೇ ಆರಂಭವಾಗಲಿ. ಒಂದು ಅಗ್ಗದ ನೋಟುಪುಸ್ತಕದಲ್ಲಿ ಮೂರು ಗೆರೆ ಎಳೆದು, ಪಠ್ಯದ ಕನ್ನಡ ಪದ, ಅದರ ಇಂಗ್ಲಿಷ್ ಪದ, ರಾಜ್ಯಭಾಷೆಯ ಪದ, ಹೀಗೆ ದಿನಕ್ಕೆ ಐದರಂತೆ ಬರೆಯಿಸಬೇಕು. ಜೂನ್‌ನಲ್ಲಿ ತೊಡಗಿದರೆ ಜನವರಿಯೊಳಗೆ ಮುಖ್ಯ ಪದಗಳೆಲ್ಲ ಕೈಸೇರುತ್ತವೆ. ಮುಂದೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದಾಗಲೂ ಅದೇ ಪುಸ್ತಕ ಊರುಗೋಲಾಗುತ್ತದೆ. ಉತ್ತರ ಬರೆಯಲು ತೊಡಗುವ ಮೊದಲು ಪ್ರಶ್ನೆ ಓದಲು ಕೊಡುವ 15 ನಿಮಿಷ ಎರಡೂ ರಾಜ್ಯಗಳಲ್ಲಿ ಇದೆ. ಆ ಹೊತ್ತಿನಲ್ಲಿ ಕಷ್ಟದ ಪದ ಯಾವುದೆಂದು ಗುರುತಿಸಲು ಮಕ್ಕಳಿಗೆ ಈಗಲೇ ಅಭ್ಯಾಸ ಮಾಡಿಸಬೇಕು.

ಇನ್ನು ಪ್ರಾಜೆಕ್ಟ್, ಸೆಮಿನಾರ್‌ಗಳ ವಿಚಾರ. ಅಂಗಡಿಯಿಂದ ಚಿತ್ರ ತಂದು ಅಂಟಿಸಿ, ಅಣ್ಣನೋ ಅಕ್ಕನೋ ಬರೆದುಕೊಟ್ಟದ್ದನ್ನು ಒಪ್ಪಿಸುವ ರೂಢಿ ಎಲ್ಲೆಡೆ ಇದೆ. ಅದರಿಂದ ಮಗುವಿಗೆ ದಕ್ಕುವುದು ಶೂನ್ಯ. ಹಿಂದೂಪುರದ ಮಗುವಿಗೆ ಹತ್ತಿರದಲ್ಲೇ ಲೇಪಾಕ್ಷಿ ಇದೆ. ವಿಜಯನಗರದ ಅಚ್ಯುತರಾಯನ ಕಾಲದ ಆ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಅನಂತಪುರದ ಮಗು ತನ್ನ ಮನೆಯ ಕಡಲೆಕಾಯಿ ಹೊಲದ ಲೆಕ್ಕವನ್ನೇ ಬರೆಯಬಹುದು. ನಮ್ಮ ಮಕ್ಕಳಿಗೆ ಕೆಳದಿ ಅರಸರ ಬೇಕಲ ಕೋಟೆಯಿದೆ, ಅಡಿಕೆ ತೋಟವಿದೆ. ಕಣ್ಣಾರೆ ಕಂಡದ್ದನ್ನು ಐದು ನಿಮಿಷ ನಿಂತು ಹೇಳಲು ಮಗು ತೊದಲದು. ಮೊದಲು ಮನೆಯಲ್ಲಿ ಅಜ್ಜಿಯ ಮುಂದೆ ಮನೆಮಾತಿನಲ್ಲೇ ಹೇಳಲಿ, ಅದು ತುಳುವಾದರೂ ಸರಿ, ತೆಲುಗು ಬೆರೆತ ಕನ್ನಡವಾದರೂ ಸರಿ. ಪುಸ್ತಕದ ಕನ್ನಡಕ್ಕೆ ತಿದ್ದುವ ಕೆಲಸ ಅಧ್ಯಾಪಕರಿಗಿರಲಿ.

ಆದರೆ ಎಲ್ಲವನ್ನೂ ಮಗುವಿನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಹೇಳಿರುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆಗೆ ಬಂದಾಗ ಆ ವಿಧಿಯ ರಕ್ಷೆ ಇಲ್ಲ. ಸರಕಾರದ ಧೋರಣೆಯೇ ಗತಿ. ಹತ್ತನೆಯ ತರಗತಿಯ ಮಗು ನಿಂತಿರುವುದು ಈ ಸಡಿಲ ನೆಲದ ಮೇಲೆ. ನಾವು ಕೇಳುವುದು ಹೆಚ್ಚೇನೂ ಅಲ್ಲ. ಕನ್ನಡ ಪ್ರಶ್ನೆಪತ್ರಿಕೆಯನ್ನು ಆ ವಿಷಯವನ್ನು ಕನ್ನಡದಲ್ಲೇ ಪಾಠ ಮಾಡುವ ಅಧ್ಯಾಪಕರು ಒಮ್ಮೆ ನೋಡಿ ತಿದ್ದಲಿ. ಮಾದರಿ ಪ್ರಶ್ನೆಗಳು ಇತರ ಮಾಧ್ಯಮದ ಮಕ್ಕಳಿಗೆ ಸಿಗುವ ದಿನವೇ ನಮ್ಮವರಿಗೂ ಸಿಗಲಿ. ಕನ್ನಡ ತರಗತಿಗೆ ಕನ್ನಡ ಬಲ್ಲವರನ್ನೇ ನೇಮಿಸಲಿ.

ಹೆತ್ತವರಲ್ಲಿಯೂ ಒಂದು ವಿನಂತಿ. ಅಂಕ ಕಡಿಮೆಯಾದಾಗ "ಕನ್ನಡ ಮಾಧ್ಯಮಕ್ಕೆ ಹಾಕಿ ಕೆಟ್ಟೆವು" ಎಂದು ಮಗುವಿನ ಎದುರಿಗೆ ಆಡಬೇಡಿ. ಉತ್ತರಪತ್ರಿಕೆ ತರಿಸಿ ನೋಡಿ: ಪಾಠ ಬಾರದೆ ಹೋದ ಅಂಕ ಎಷ್ಟು, ಪ್ರಶ್ನೆ ತಿಳಿಯದೆ ಹೋದ ಅಂಕ ಎಷ್ಟು ಎಂದು ಅಧ್ಯಾಪಕರೊಡನೆ ಕುಳಿತು ಲೆಕ್ಕ ಹಾಕಿ. ಮೊದಲನೆಯದಕ್ಕೆ ಮಗುವೂ ನಾವೂ ದುಡಿಯೋಣ. ಎರಡನೆಯದನ್ನು ಪಟ್ಟಿ ಮಾಡಿ ಶಿಕ್ಷಣ ಇಲಾಖೆಯ ಮುಂದಿಡೋಣ. ಹಿಂದೂಪುರದವರೂ ನಾವೂ ಇದೊಂದನ್ನು ತಪ್ಪದೆ ಮಾಡಿದರೆ, ಬರಿಯ ದೂರಿನ ಬದಲು ಆಧಾರ ಸಹಿತವಾದ ಮಾತು ನಮ್ಮ ಕೈಯಲ್ಲಿರುತ್ತದೆ.