ಮಗು ‘ಯಾಕೆ’ ಅಂದಾಗ ಮೆದುಳಲ್ಲಿ ಏನಾಗುತ್ತೆ? ಡೋಪಮೈನ್ ಫಾರ್ವರ್ಡ್‌ಗಳು ಮತ್ತು ನಮ್ಮ ಮುಸ್ಲಿಂ ಮನೆಗಳು

ಕಳೆದ ರಮ್ಜಾನ್‌ನಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಡೋಪಮೈನ್ ಅನ್ನೋದು ‘ಸುಖದ ರಾಸಾಯನಿಕ’ ಅಂತೆ. ಮೊಬೈಲ್ ನೋಡುವ ಮಕ್ಕಳಲ್ಲಿ ಅದು ಖಾಲಿಯಾಗುತ್ತಂತೆ, ಖರ್ಜೂರ, ಬಾಳೆಹಣ್ಣು ತಿನ್ನಿಸಿದರೆ ಮತ್ತೆ ತುಂಬಿಕೊಳ್ಳುತ್ತಂತೆ. ಮೂರು ದಿನ ‘ಡೋಪಮೈನ್ ಉಪವಾಸ’ ಮಾಡಿಸಿದರೆ ಮಗು ಓದಿನಲ್ಲಿ ಮುಂದೆ ಬರುತ್ತಂತೆ. ಕೊನೆಯಲ್ಲಿ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಸವಾಬ್ ಪಡೆಯಿರಿ.

ಅದೇ ವಾರ ಇಫ್ತಾರ್‌ಗೆ ಖಾಲಾ ಮನೆಗೆ ಹೋಗಿದ್ದೆ. ಅವರ ಐದು ವರ್ಷದ ಮೊಮ್ಮಗ ದಸ್ತರ್‌ಖಾನ್ ಮುಂದೆ ಕೂತವನು ಇದ್ದಕ್ಕಿದ್ದಂತೆ ಕೇಳಿದ: “ದಾದಿ, ಎಲ್ಲವನ್ನೂ ಅಲ್ಲಾಹ್ ಮಾಡಿದ್ದು ಅಂದ್ರೆ, ಅಲ್ಲಾಹ್‌ನ ಯಾರು ಮಾಡಿದ್ದು?” ಖಾಲಾ ಕೆನ್ನೆ ಬಡಿದುಕೊಂಡು, “ತೌಬಾ ತೌಬಾ, ಹಾಗೆಲ್ಲ ಕೇಳಿದ್ರೆ ಗುನಾ ಆಗುತ್ತೆ” ಅಂದರು. ಹುಡುಗ ಬಿಡಲಿಲ್ಲ, ಮತ್ತೆ ಕೇಳಿದ. ಯಾರೋ ಅವನ ಕೈಗೆ ಮೊಬೈಲ್ ಕೊಟ್ಟರು. ಸುಮ್ಮನಾದ.

ಫಾರ್ವರ್ಡ್‌ನಲ್ಲಿ ಏನು ತಪ್ಪಿದೆ ಅಂತ ಹೇಳೋದು ಸುಲಭ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ದಸ್ತರ್‌ಖಾನ್. ಎರಡಕ್ಕೂ ಸಂಬಂಧ ಇದೆ, ಹಾಗಾಗಿ ಮೊದಲು ಫಾರ್ವರ್ಡ್ ಮುಗಿಸಿಬಿಡೋಣ.

ಡೋಪಮೈನ್ ಖಾಲಿಯಾಗುತ್ತಾ?

ಇಲ್ಲ. ನಮ್ಮ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಡೋಪಮೈನ್ ತಯಾರಿಸುವವು ಕೆಲವೇ ಲಕ್ಷ. ಅವು ಜೀವನಪೂರ್ತಿ ಅದನ್ನು ತಯಾರಿಸುತ್ತಲೇ ಇರುತ್ತವೆ. ಆ ಕೋಶಗಳು ಸಾಯುತ್ತಾ ಬಂದಾಗ ಬರುವ ಕಾಯಿಲೆಯೇ ಪಾರ್ಕಿನ್ಸನ್. ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. ಡೋಪಮೈನ್‌ಗೆ ನಿಜವಾಗಿ ‘ಉಪವಾಸ’ ಹಾಕಿದರೆ ಸ್ಥಿತಿ ಹಾಗಾಗುತ್ತದೆಯೇ ಹೊರತು ಓದಿನಲ್ಲಿ ಮುಂದೆ ಬರುವುದಿಲ್ಲ.

ಬಾಳೆಹಣ್ಣಿನಲ್ಲಿ ಡೋಪಮೈನ್ ಇರುವುದು ನಿಜ. ಆದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ, ನಡುವೆ ಒಂದು ತಡೆಗೋಡೆ ಇದೆ. ಪಾರ್ಕಿನ್ಸನ್ ರೋಗಿಗಳಿಗೆ ಡೋಪಮೈನ್ ಬದಲು ಲೆವೊಡೋಪಾ ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ಅದು ಗೋಡೆ ದಾಟಿ, ಒಳಗೆ ಹೋದ ಮೇಲೆ ಡೋಪಮೈನ್ ಆಗುತ್ತದೆ. ಖರ್ಜೂರ ಧಾರಾಳವಾಗಿ ಕೊಡಿ, ಒಳ್ಳೆಯ ಹಣ್ಣು. ಡೋಪಮೈನ್ ಲೆಕ್ಕ ಬೇಡ.

ಇನ್ನು ‘ಸುಖದ ರಾಸಾಯನಿಕ’. 1990ರ ದಶಕದಲ್ಲಿ ವೂಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮೈನ್ ಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಕೋಶಗಳು ಚುರುಕಾದವು. ರಸ ಬರುವ ಮುಂಚೆ ಒಂದು ಸೂಚನೆ ಬರುತ್ತದೆ ಎಂದು ಕೋತಿ ಕಲಿತ ಮೇಲೆ ಅವು ಸೂಚನೆಗೆ ಚುರುಕಾದವು, ರಸಕ್ಕಲ್ಲ. ಸೂಚನೆ ಬಂದು ರಸ ಬರದೇ ಹೋದರೆ ಚಟುವಟಿಕೆ ಕುಸಿಯಿತು. ಅಂದರೆ ಇವು ಅಳೆಯುತ್ತಿರುವುದು ರುಚಿಯನ್ನಲ್ಲ. ‘ನಾನು ಅಂದುಕೊಂಡಿದ್ದಕ್ಕೂ ಆಗಿದ್ದಕ್ಕೂ ಎಷ್ಟು ವ್ಯತ್ಯಾಸ’ ಅನ್ನುವುದನ್ನು. ಕಲಿಕೆ ಶುರುವಾಗುವುದೇ ಈ ವ್ಯತ್ಯಾಸದಿಂದ.

ಕುತೂಹಲಕ್ಕೆ ಎಲ್ಲಿ ಸಂಬಂಧ?

2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಜನರಿಗೆ ಕ್ವಿಜ್ ಪ್ರಶ್ನೆ ಕೊಟ್ಟು, ಉತ್ತರ ತಿಳಿಯುವ ಆಸೆ ಎಷ್ಟಿದೆ ಎಂದು ಕೇಳಿದರು. ಉತ್ತರಕ್ಕೆ ಕಾಯುವ ಕೆಲವು ಸೆಕೆಂಡುಗಳಲ್ಲಿ, ಪ್ರಶ್ನೆಗೆ ಸಂಬಂಧವೇ ಇಲ್ಲದ ಒಂದು ಮುಖದ ಚಿತ್ರ ತೋರಿಸಿದರು. ಆಮೇಲೆ ಪರೀಕ್ಷಿಸಿದಾಗ, ಕುತೂಹಲ ಕೆರಳಿಸಿದ ಪ್ರಶ್ನೆಗಳ ಉತ್ತರ ಚೆನ್ನಾಗಿ ನೆನಪಿತ್ತು. ಅದು ಊಹಿಸಿದ್ದೇ. ಅಚ್ಚರಿ ಏನೆಂದರೆ, ಕುತೂಹಲದಿಂದ ಕಾಯುತ್ತಿದ್ದಾಗ ಕಂಡ ಮುಖಗಳೂ ಹೆಚ್ಚು ನೆನಪಿದ್ದವು. ಆ ಹೊತ್ತಿನಲ್ಲಿ ಡೋಪಮೈನ್ ಕೋಶಗಳಿರುವ ಮಧ್ಯ ಮೆದುಳು ಮತ್ತು ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎರಡೂ ಸ್ಕ್ಯಾನ್‌ನಲ್ಲಿ ಚುರುಕಾಗಿ ಕಂಡವು.

ಭಾಗವಹಿಸಿದವರು ಕೆಲವೇ ಮಂದಿ, ಅದೂ ದೊಡ್ಡವರು. ಹಾಗಾಗಿ ‘ಪ್ರಶ್ನೆ ಕೇಳಿದರೆ ಮಗುವಿನ ಮೆದುಳು ದುಪ್ಪಟ್ಟಾಗುತ್ತೆ’ ಅಂತ ಯಾರಾದರೂ ಕಳಿಸಿದರೆ ನಂಬಬೇಡಿ. ಆದರೆ ಹತ್ತು ವರ್ಷ ದಾಟಿದ ಮಕ್ಕಳಲ್ಲೂ ಕುತೂಹಲ ಇದ್ದ ವಿಷಯ ಹೆಚ್ಚು ನೆನಪಿರುತ್ತದೆ ಎಂದು ಆಮೇಲಿನ ಅಧ್ಯಯನದಲ್ಲಿ ಕಂಡಿದೆ.

ಪುಟ್ಟ ಮಕ್ಕಳ ವಿಷಯಕ್ಕೆ ಬಂದರೆ, ಮಿಶೆಲ್ ಶುನಾರ್ ಎಂಬ ಸಂಶೋಧಕಿ ಮನೆಗಳಲ್ಲಿ ರೆಕಾರ್ಡ್ ಮಾಡಿದ ಮಾತುಕತೆಗಳನ್ನು ಎಣಿಸಿ 2007ರಲ್ಲಿ ಪ್ರಕಟಿಸಿದರು. ದೊಡ್ಡವರ ಜೊತೆ ಮಾತಾಡುವಾಗ ಮಕ್ಕಳು ಗಂಟೆಗೆ ನೂರಕ್ಕೂ ಹೆಚ್ಚು ಪ್ರಶ್ನೆ ಕೇಳುತ್ತಿದ್ದರು. (ಮನೆಯಲ್ಲಿ ನಾಲ್ಕು ವರ್ಷದ ಮಗು ಇರುವವರಿಗೆ ಇದಕ್ಕೆ ಸಂಶೋಧನೆಯೇ ಬೇಕಿಲ್ಲ.) 2009ರ ಇನ್ನೊಂದು ಅಧ್ಯಯನ ಕಂಡುಕೊಂಡಿದ್ದು ಇದು: ಕಾರಣ ಸಮೇತ ಉತ್ತರ ಸಿಕ್ಕರೆ ಮಕ್ಕಳು ಒಪ್ಪುತ್ತಾರೆ ಅಥವಾ ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಹಾರಿಕೆ ಉತ್ತರ ಸಿಕ್ಕರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಖಾಲಾನ ಮೊಮ್ಮಗ ಹಟ ಮಾಡುತ್ತಿರಲಿಲ್ಲ. ಅವನಿಗೆ ಉತ್ತರ ಬಂದಿರಲಿಲ್ಲ, ಅಷ್ಟೇ. ಆಗ ಕೊಟ್ಟ ಮೊಬೈಲ್ ಅವನ ಪ್ರಶ್ನೆಗೆ ಉತ್ತರ ಆಗಲಿಲ್ಲ, ಪ್ರಶ್ನೆ ಮರೆಯುವ ದಾರಿ ಆಯಿತು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಡೋಪಮೈನ್ ಖಾಲಿಯಾಗುತ್ತದೆಂದಲ್ಲ. ಕೂತೇ ಕಳೆಯುವ ಆ ಹೊತ್ತು ಆಟ, ನಿದ್ದೆ, ಮಾತುಕತೆಗೆ ಸಿಗಬೇಕು ಎಂದು.

‘ಹಾಗೆಲ್ಲ ಕೇಳಬಾರದು’ ಅನ್ನುವುದು ದೀನ್‌ನ ಮಾತಾ?

ಮಕ್ಕಳ ಬಾಯಿ ಮುಚ್ಚಿಸುವುದು ಮುಸ್ಲಿಂ ಮನೆಗಳ ಗುತ್ತಿಗೆ ಏನಲ್ಲ. ‘ಅಧಿಕಪ್ರಸಂಗಿ’ ಅನ್ನುವ ಬೈಗುಳ ಕನ್ನಡದ ಎಲ್ಲ ಮನೆಗಳಲ್ಲೂ ಇದೆ. ಆದರೆ ನಮ್ಮಲ್ಲಿ ಅದಕ್ಕೆ ಗುನಾ ಎಂಬ ಭಾರ ಸೇರಿಕೊಳ್ಳುತ್ತದೆ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹಿರಿಯರು ಸುಮ್ಮನೆ ಹೇಳುವುದಿಲ್ಲ. ಕುರ್‌ಆನ್‌ನ ಐದನೇ ಸೂರಾದಲ್ಲಿ, ತಿಳಿದರೆ ನೋವಾಗುವ ವಿಷಯಗಳನ್ನು ಕೇಳಬೇಡಿ ಎಂಬ ಅರ್ಥದ ಆಯತ್ ಇದೆ. ಆದರೆ ಅದರ ಹಿನ್ನೆಲೆಯಾಗಿ ಬುಖಾರಿಯ ಹದೀಸ್ ಹೇಳುವುದು, ಕಳೆದುಹೋದ ನನ್ನ ಒಂಟೆ ಎಲ್ಲಿದೆ ಹೇಳಿ ನೋಡೋಣ ಎಂಬಂತೆ ಗೇಲಿಗೆ ಕೇಳುತ್ತಿದ್ದ ದೊಡ್ಡವರ ಬಗ್ಗೆ. ಅದೇ ಕುರ್‌ಆನ್‌ನಲ್ಲಿ ಇಬ್ರಾಹೀಮರು ಸತ್ತವರನ್ನು ಹೇಗೆ ಬದುಕಿಸುತ್ತೀ ತೋರಿಸು ಎಂದು ಕೇಳುತ್ತಾರೆ. ನಂಬಿಕೆ ಇದೆ, ಆದರೂ ಮನಸ್ಸಿಗೆ ಸಮಾಧಾನ ಬೇಕು ಅನ್ನುತ್ತಾರೆ. ಅವರಿಗೆ ಉತ್ತರವೂ ಸಿಗುತ್ತದೆ. ಅಜ್ಞಾನಕ್ಕೆ ಮದ್ದು ಕೇಳುವುದೇ ಎಂಬ ಅರ್ಥದ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ.

ಹುಡುಗ ಕೇಳಿದ ಆ ಪ್ರಶ್ನೆಯೇ ಹದೀಸ್‌ನಲ್ಲಿದೆ. ಇದನ್ನು ಯಾರು ಸೃಷ್ಟಿಸಿದರು, ಅದನ್ನು ಯಾರು ಸೃಷ್ಟಿಸಿದರು ಎಂದು ಹೋಗುತ್ತಾ ಕೊನೆಗೆ ಅಲ್ಲಾಹ್‌ನ ತನಕ ಯೋಚನೆ ಬಂದರೆ ಅವನ ರಕ್ಷಣೆ ಕೋರಿ ಅಲ್ಲಿಗೆ ನಿಲ್ಲಿ ಎಂದು ಪ್ರವಾದಿಯವರು ಹೇಳಿದ್ದಾರೆ. ಖಾಲಾಗೆ ನೆನಪಿದ್ದದ್ದು ಈ ‘ನಿಲ್ಲಿ’ ಇರಬೇಕು. ಆದರೆ ಮುಸ್ಲಿಮ್ ಸಂಗ್ರಹದಲ್ಲಿ ಇನ್ನೊಂದಿದೆ. ಬಾಯಲ್ಲಿ ಹೇಳಲೂ ಹೆದರುವಂಥ ಯೋಚನೆ ಬರುತ್ತದೆ ಎಂದು ಸಹಾಬಿಗಳು ಬಂದು ಹೇಳಿಕೊಂಡಾಗ ಪ್ರವಾದಿಯವರು ಗದರಲಿಲ್ಲ, ಆ ಅಳುಕೇ ಈಮಾನಿನ ಗುರುತು ಎಂದರು. ಅಂಥವರಿಗೇ ಗದರದಿದ್ದ ಮೇಲೆ ಐದು ವರ್ಷದ ಮಗುವಿಗೆ ಗುನಾ ಎಲ್ಲಿಂದ ಬರುತ್ತದೆ? ಹದಿನಾಲ್ಕನೇ ಶತಮಾನದ ಇಬ್ನ್ ಖಲ್ದೂನ್ ತಮ್ಮ ‘ಮುಕದ್ದಿಮಾ’ದಲ್ಲಿ, ಕಲಿಯುವ ಮಕ್ಕಳ ಮೇಲೆ ಕಠೋರವಾದರೆ ಅವರು ಸುಳ್ಳು ಮತ್ತು ಕಪಟ ಕಲಿಯುತ್ತಾರೆ ಎಂದು ಬರೆದಿಟ್ಟಿದ್ದಾರೆ.

ಬಾಯಿಪಾಠ ಕುತೂಹಲಕ್ಕೆ ಶತ್ರು ಅನ್ನುವ ವಾದವೂ ಫಾರ್ವರ್ಡ್‌ಗಳಲ್ಲಿ ಓಡಾಡುತ್ತದೆ. ಅದೂ ಪೂರ್ತಿ ಸರಿಯಲ್ಲ. ಹಿಫ್ಜ್ ಮಾಡುವ ಮಕ್ಕಳು ದಿನಾ ಹೊಸ ಸಬಕ್, ಇತ್ತೀಚಿನ ಪಾಠದ ಸಬ್ಕಿ, ಹಳೆಯದರ ಮಂಜಿಲ್ ಎಂದು ಮೂರು ಸುತ್ತು ಹಾಕುತ್ತಾರೆ. ಅಂತರ ಬಿಟ್ಟು ಮತ್ತೆ ಮತ್ತೆ ಓದಿದರೆ ನೆನಪು ಗಟ್ಟಿಯಾಗುತ್ತದೆ ಎಂದು ಮನೋವಿಜ್ಞಾನ ಹೇಳುವುದೂ ಅದನ್ನೇ. ಮಗು ಇದರ ಅರ್ಥ ಏನು ಎಂದು ಕೇಳಿದಾಗ ಉಸ್ತಾದ್ ಏನು ಮಾಡುತ್ತಾರೆ, ವ್ಯತ್ಯಾಸ ಅಲ್ಲಿದೆ.

ಒಂದು ರೋಜಾಗೆ ಎಷ್ಟು ರೂಪಾಯಿ?

ಮಕ್ಕಳಿಗೆ ರೋಜಾ ಒಂದಕ್ಕೆ ಇಷ್ಟು ಎಂದು ದುಡ್ಡು ಕಟ್ಟುವ ಮನೆಗಳಿವೆ. 1973ರಲ್ಲಿ ಅಮೆರಿಕದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ ಬಿಡಿಸಿದರೆ ಪ್ರಶಸ್ತಿ ಎಂದು ಮೊದಲೇ ಹೇಳಲಾಯಿತು. ಆಮೇಲೆ ಅದೇ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಮೊದಲೇ ಹೇಳದೆ, ಮುಗಿದ ಮೇಲೆ ಪ್ರಶಸ್ತಿ ಪಡೆದವರಲ್ಲಿ ಹಾಗಾಗಲಿಲ್ಲ. ಇದು ಎಲ್ಲ ಕಡೆ ಎಷ್ಟು ಅನ್ವಯಿಸುತ್ತದೆ ಎಂದು ಸಂಶೋಧಕರು ಆಮೇಲೆ ತುಂಬ ಜಗಳಾಡಿದ್ದಾರೆ. ನನ್ನ ಮಟ್ಟಿಗೆ, ಈದ್ ದಿನ ಕೇಳದೇ ಸಿಗುವ ಈದಿ ಒಳ್ಳೆಯದು, ರೋಜಾದ ರೇಟ್ ಕಾರ್ಡ್ ಬೇಡ.

ಅವತ್ತು ತರಾವೀಹ್ ಮುಗಿದ ಮೇಲೆ ಹುಡುಗ ಮೊಬೈಲ್ ಬಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಅದನ್ನೇ ಕೇಳಿದ. ಮಾಡಿದ ವಸ್ತುವಿಗೆ ಮಾಡಿದವರು ಇರುತ್ತಾರೆ, ಅಲ್ಲಾಹ್‌ನನ್ನು ಯಾರೂ ಮಾಡಿಲ್ಲ, ಅವನು ಯಾವಾಗಲೂ ಇದ್ದಾನೆ ಎಂದು ನಾವು ನಂಬುತ್ತೇವೆ ಅಂದೆ. “ಯಾವಾಗಲೂ ಅಂದ್ರೆ ಎಷ್ಟು ದಿನ?” ಅಂದ. ಅದು ನನಗೂ ಪೂರ್ತಿ ಅರ್ಥ ಆಗಲ್ಲ ಅಂತ ಒಪ್ಪಿಕೊಂಡೆ. ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಕೇಳಿದ: “ಹಾಗಾದ್ರೆ, ನಾವು ಬೈಕಲ್ಲಿ ಹೋಗುವಾಗ ಚಂದ್ರ ಯಾಕೆ ಹಿಂದೇನೇ ಬರ್ತಾನೆ?” ಪುಣ್ಯಕ್ಕೆ ಅದು ಗೊತ್ತಿತ್ತು.