ಆಯಾಸಕ್ಕೆ ಸೋಮಾರಿತನದ ಹೆಸರು ಬೇಡ



ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಆಯಾಸಕ್ಕೆ ಇರುವಷ್ಟು ಹೆಸರು ಬೇರೆ ಯಾವುದಕ್ಕೂ ಇಲ್ಲ. ಸೊಸೆಯಾದರೆ ಮೈಗಳ್ಳಿ, ಬಾಣಂತಿಯಾದರೆ ಥಂಡಿ, ಐವತ್ತು ದಾಟಿದರೆ ವಯಸ್ಸು, ಸುಮ್ಮನೆ ಮೂಲೆಯಲ್ಲಿ ಕೂತರೆ ಯಾರದೋ ದೃಷ್ಟಿ. ಕಾಯಕವನ್ನು ಎತ್ತಿ ಹಿಡಿಯುವ ಸಮಾಜ ನಮ್ಮದು. ಅದಕ್ಕೇ ಇರಬೇಕು, ಕೆಲಸ ನಿಧಾನವಾದವರ ಮೇಲೆ ನಮ್ಮ ನಾಲಿಗೆ ಬಹಳ ಚುರುಕು. ಈ ಎಲ್ಲ ಹೆಸರುಗಳ ಹಿಂದೆ ಅನೇಕ ಸಲ ಇರುವುದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ, ಸುಮಾರು 20 ಗ್ರಾಂ ತೂಕದ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ.

ನಾನು ವೈದ್ಯನಲ್ಲ, ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಇಂಜಿನಿಯರ್. ಆದ್ದರಿಂದ ನನಗೆ ತಿಳಿದ ಭಾಷೆಯಲ್ಲೇ ಹೇಳುತ್ತೇನೆ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದಿದ್ದಾಗ ಕೆಳಗಿನ ಕಚೇರಿಯಿಂದ ಅಣೆಕಟ್ಟೆಗೆ ಇಂಡೆಂಟ್ ಮೇಲೆ ಇಂಡೆಂಟ್ ಹೋಗುತ್ತದೆ. ಗೇಟೇ ಕೆಟ್ಟಿದ್ದರೆ ಎಷ್ಟು ಬರೆದರೂ ನೀರು ಬರುವುದಿಲ್ಲ. ಕಡತ ಮಾತ್ರ ದಪ್ಪವಾಗುತ್ತದೆ. ನಮ್ಮ ದೇಹದಲ್ಲಿ ಇಂಡೆಂಟ್ ಬರೆಯುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಆ ಇಂಡೆಂಟಿನ ಹೆಸರು ಟಿಎಸ್‌ಎಚ್. ಥೈರಾಯ್ಡ್ ಬಿಡುವ ನೀರು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಹೆಚ್ಚಾಗಿದೆ ಎಂದರೆ ಸಾಮಾನ್ಯವಾಗಿ ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದೆ ಎಂದಲ್ಲ, ಕಡಿಮೆ ಮಾಡುತ್ತಿದೆ ಎಂದು. ಓದು ಬಲ್ಲವರೂ ಇದನ್ನು ತಿರುಗುಮುರುಗಾಗಿ ತಿಳಿಯುವುದನ್ನು ಕಂಡಿದ್ದೇನೆ.

ನನ್ನ ಅಕ್ಕನ ಉದಾಹರಣೆ ಹೇಳಬೇಕು. ಹಳ್ಳಿಯಲ್ಲಿ ದೊಡ್ಡ ಕುಟುಂಬ. ಎರಡು-ಮೂರು ವರ್ಷ ಅವರಿಗೆ ಬೇಸಿಗೆಯಲ್ಲೂ ಚಳಿ, ಹೊದ್ದುಕೊಂಡೇ ಮಲಗುವುದು. ಮಲಬದ್ಧತೆ, ಒಣಗಿ ಹೊಟ್ಟೆದ್ದ ಚರ್ಮ, ಬಾಚಣಿಗೆ ತುಂಬ ಕೂದಲು, ಬೆಳಿಗ್ಗೆ ಎದ್ದಾಗ ಊದಿದ ಮುಖ. ಉಣ್ಣುವುದು ಕಡಿಮೆಯಾದರೂ ತೂಕ ಏರಿತು. ಚೆನ್ನಾಗಿ ಹಾಡುತ್ತಿದ್ದವರ ದನಿ ಗೊಗ್ಗರಾಯಿತು. ಮಾತಿನ ನಡುವೆ ಹೆಸರುಗಳು ಮರೆಯತೊಡಗಿದವು. ಊರಿನಲ್ಲಿ ತೋರಿಸಿದಾಗಲೆಲ್ಲ ಸಿಕ್ಕಿದ್ದು ಟಾನಿಕ್ ಬಾಟಲಿ. ಪರೀಕ್ಷೆ ಮಾಡಿಸೋಣ ಎಂದರೆ, "ವಯಸ್ಸಾತು ತಮ್ಮಾ, ಅದಕ್ಯಾಕ ರೊಕ್ಕ ದಂಡ?" ಎನ್ನುತ್ತಿದ್ದರು. ಕೊನೆಗೆ ಕೈಬೆರಳು ಜೋಮು ಹಿಡಿಯುತ್ತದೆಂದು ಜಿಲ್ಲಾ ಕೇಂದ್ರಕ್ಕೆ ಹೋದಾಗ ಅಲ್ಲಿನ ವೈದ್ಯರು ಮುಖ ನೋಡಿಯೇ ಟಿಎಸ್‌ಎಚ್ ಬರೆದುಕೊಟ್ಟರು. ಸಾಮಾನ್ಯವಾಗಿ 4ರ ಆಸುಪಾಸಿನ ಒಳಗಿರಬೇಕಾದದ್ದು 60 ದಾಟಿತ್ತು. ಮಾತ್ರೆ ಆರಂಭಿಸಿ ನಾಲ್ಕೈದು ತಿಂಗಳಲ್ಲಿ ಹೊದಿಕೆ ಬಿಟ್ಟರು, ದನಿ ಮರಳಿತು. ಆ ಮೂರು ವರ್ಷ ಮನೆಯವರಿಂದ ಕೇಳಿಸಿಕೊಂಡ ಮಾತುಗಳನ್ನು ಮಾತ್ರ ಯಾವ ಮಾತ್ರೆಯೂ ಹಿಂದಕ್ಕೆ ಪಡೆಯಲಿಲ್ಲ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 11 ಮಂದಿಗೆ ಈ ಕೊರತೆ ಕಂಡಿತ್ತು. ಅವರಲ್ಲಿ ಮೂರರಲ್ಲೊಂದು ಪಾಲು ಜನರಿಗೆ ಅಲ್ಲಿಯವರೆಗೆ ಅದು ಗೊತ್ತೇ ಇರಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕಾರಣ ಬಹಳಷ್ಟು ಸಲ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಶಿಮೊಟೊ ಅವರ ಹೆಸರಿನಿಂದಲೇ ಕರೆಯುತ್ತಾರೆ. ಇನ್ನೊಂದು ಕಾರಣ ಅಯೋಡಿನ್ ಕೊರತೆ. ಗಳಗಂಡ ನಿಯಂತ್ರಣಕ್ಕೆಂದು ಸರ್ಕಾರ 1962ರಲ್ಲೇ ಕಾರ್ಯಕ್ರಮ ಹಾಕಿ, ಉಪ್ಪಿಗೆ ಅಯೋಡಿನ್ ಬೆರೆಸಿ ಅದನ್ನು ಬಹುಮಟ್ಟಿಗೆ ತಗ್ಗಿಸಿದೆ. ಈಗ ಆರೋಗ್ಯದ ಹೆಸರಿನಲ್ಲೇ ಅಯೋಡಿನ್ ಇಲ್ಲದ ಸೈಂಧವ ಲವಣಕ್ಕೆ ದುಪ್ಪಟ್ಟು ಬೆಲೆ ಕೊಡುವವರನ್ನು ನೋಡಿದರೆ ಏನೆನ್ನಬೇಕೋ ತಿಳಿಯದು.

ಹಾಗೆಂದು ಊರಿಗೆ ಊರೇ ರಕ್ತ ಕೊಡಬೇಕೆಂದು ನಾನು ಹೇಳುವುದಿಲ್ಲ. ಲ್ಯಾಬುಗಳ ಪ್ಯಾಕೇಜ್ ಹಾವಳಿ ಈಗಾಗಲೇ ಸಾಕಷ್ಟಿದೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಎರಡು-ಮೂರು ಒಟ್ಟಿಗೆ ಇದ್ದವರು, ಮುಟ್ಟು ಏರುಪೇರಾದವರು, ಗರ್ಭಿಣಿಯರು, ಮಗುವಿಗಾಗಿ ಕಾಯುತ್ತಿರುವವರು, ತಾಯಿಗೋ ಅಕ್ಕತಂಗಿಯರಿಗೋ ಈ ತೊಂದರೆ ಇರುವವರು, ಕೊಲೆಸ್ಟರಾಲ್ ಕಾರಣವಿಲ್ಲದೆ ಏರಿದವರು ವೈದ್ಯರನ್ನು ಕೇಳಿ ಮಾಡಿಸಲಿ. ಮೊದಲಿಗೆ ಟಿಎಸ್‌ಎಚ್ ಒಂದೇ ಸಾಕು, ಕೆಲವು ನೂರು ರೂಪಾಯಿ. ಅದು ಹೆಚ್ಚಿದ್ದರೆ ಫ್ರೀ ಟಿ4. ಟಿಎಸ್‌ಎಚ್ ಸ್ವಲ್ಪವೇ ಏರಿ ಟಿ4 ಸರಿಯಿದ್ದರೆ, ಮುಖ್ಯವಾಗಿ ವಯಸ್ಸಾದವರಲ್ಲಿ, ಎರಡು-ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದೇ ಕ್ರಮ. ಒಂದೇ ಒಂದು ರೀಡಿಂಗ್ ನೋಡಿ ಯಾವ ಇಂಜಿನಿಯರೂ ಗೇಟ್ ಎತ್ತುವುದಿಲ್ಲ. ಗರ್ಭಿಣಿಯರ ವಿಷಯ ಬೇರೆ, ಅಲ್ಲಿ ಕಾಯುವಂತಿಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ.

ಚಿಕಿತ್ಸೆ ಲೆವೊಥೈರಾಕ್ಸಿನ್ ಎಂಬ ಮಾತ್ರೆ, ದಿನಕ್ಕೆ ಒಂದೆರಡು ರೂಪಾಯಿ ಖರ್ಚು. ತೊಡಕು ಇರುವುದು ನುಂಗುವ ಹೊತ್ತಿನಲ್ಲಿ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ತೆಗೆದುಕೊಂಡು, ಚಹಾ-ಉಪಾಹಾರಕ್ಕೆ ಅರ್ಧ-ಮುಕ್ಕಾಲು ಗಂಟೆ ತಡೆಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಬೇಕು. ನಮ್ಮ ಹಿರಿಯ ಶರಣೆಯರಲ್ಲಿ ಹಲವರು ಲಿಂಗಪೂಜೆಯಾಗದೆ ನೀರನ್ನೂ ಮುಟ್ಟುವುದಿಲ್ಲ. ಪೂಜೆ ಮುಗಿಸಿ, ಪ್ರಸಾದದ ಜೊತೆಗೇ ಮಾತ್ರೆ ನುಂಗುತ್ತಾರೆ. ಔಷಧ ಅರ್ಧಂಬರ್ಧ ಹೀರಿಕೊಳ್ಳುತ್ತದೆ. ಆಮೇಲೆ ಮಾತ್ರೆ ಹತ್ತಲಿಲ್ಲ ಎಂಬ ದೂರು. ಇದಕ್ಕೆ ವೈದ್ಯರ ಮಾತಿಗಿಂತ ಪೂಜ್ಯರ ಒಂದು ಮಾತು ಹೆಚ್ಚು ಫಲ ಕೊಟ್ಟೀತು. ಔಷಧ ಆಹಾರವಲ್ಲ, ಎದ್ದೊಡನೆ ನುಂಗಿ ಪೂಜೆಗೆ ಕೂರಬಹುದೆಂದು ಪ್ರವಚನದಲ್ಲಿ ಹೇಳಿದರೆ, ಸ್ನಾನ-ಪೂಜೆ ಮುಗಿಯುವ ಹೊತ್ತಿಗೆ ಬೇಕಾದ ಅಂತರ ತಾನಾಗಿ ಸಿಗುತ್ತದೆ. ಮನಸ್ಸು ಒಪ್ಪದವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಲಿ. ಪ್ರಮಾಣ ಸರಿಯಿದೆಯೇ ಎಂಬುದು ಆರರಿಂದ ಎಂಟು ವಾರಗಳ ನಂತರದ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮೈ ಹಗುರಾಯಿತೆಂದು ತಾವಾಗಿ ಬಿಡಬಾರದು.

ನವಜಾತ ಶಿಶುಗಳ ವಿಷಯದಲ್ಲಿ ನನಗೆ ಹೆಚ್ಚು ಕಳವಳವಿದೆ. ಒಂದೆರಡು ಸಾವಿರ ಹೆರಿಗೆಗೆ ಒಂದು ಮಗುವಿಗೆ ಹುಟ್ಟಿನಿಂದಲೇ ಈ ಕೊರತೆ ಇರುತ್ತದೆ. ನೋಡಲು ಮಗು ಚೆನ್ನಾಗಿಯೇ ಇರುತ್ತದೆ. ಮೊದಲ ಎರಡು ವಾರಗಳಲ್ಲಿ ಔಷಧ ಆರಂಭಿಸಿದರೆ ಎಲ್ಲರಂತೆ ಬೆಳೆದು ಓದುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿ ಕುಂಠಿತವಾಗಿ, ಕಳೆದದ್ದು ಮರಳುವುದಿಲ್ಲ. ಬೇಕಾದದ್ದು ಹುಟ್ಟಿದ ಎರಡು-ಮೂರು ದಿನಕ್ಕೆ ಹಿಮ್ಮಡಿಯಿಂದ ತೆಗೆಯುವ ಕೆಲವು ಹನಿ ರಕ್ತ. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿದೆ. ನಮ್ಮಲ್ಲಿ ಪ್ರತಿ ಹೆರಿಗೆಗೂ ಇದು ದೊರೆಯಬೇಕು. ಅಲ್ಲಿಯವರೆಗೆ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲು ಅಜ್ಜಿಯಾದರೂ ಸರಿ, ಅಪ್ಪನಾದರೂ ಸರಿ, ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಬೇಕು.

ಮಠಗಳು ಜಾತ್ರೆ, ಜಯಂತಿಗಳಲ್ಲಿ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಸಕ್ಕರೆ, ಕಣ್ಣು ನೋಡುತ್ತಾರೆ. ಸಾಲಿನಲ್ಲಿ ಮುಂದೆ ನಿಂತಿರುವವರು ನನ್ನಂಥ ನಿವೃತ್ತ ಗಂಡಸರೇ. ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ತಾಯಂದಿರು ಕೈತೊಳೆದು ಬರುವಷ್ಟರಲ್ಲಿ ವೈದ್ಯರು ಹೊರಟಿರುತ್ತಾರೆ. ಮುಂದಿನ ಶಿಬಿರದಲ್ಲಿ ಮೊದಲ ಎರಡು ಗಂಟೆ ಹೆಣ್ಣುಮಕ್ಕಳಿಗೇ ಮೀಸಲಿರಲಿ. ಲಕ್ಷಣಗಳನ್ನು ಕೇಳಿ ಬರೆದುಕೊಳ್ಳಲು ಒಬ್ಬ ಆಶಾ ಕಾರ್ಯಕರ್ತೆ ಕೂರಲಿ, ವೈದ್ಯರು ಬೇಕೆಂದವರಿಗೆ ಟಿಎಸ್‌ಎಚ್ ಆಗಲಿ. ಇದಕ್ಕೆ ಉಪವಾಸ ಕಡ್ಡಾಯವಲ್ಲ, ಆದ್ದರಿಂದ ಅಡ್ಡಿಯಿಲ್ಲ. ಆ ಎರಡು ಗಂಟೆ ರೊಟ್ಟಿ ಬಡಿಯುವ ಕಾಯಕವನ್ನು ನಾವು ಗಂಡಸರು ಮಾಡೋಣ. ಆಕಾರ ಹೇಗೇ ಬಂದರೂ ಆ ದಿನ ಉಣ್ಣುವವರು ಸಹಿಸಿಕೊಳ್ಳಲಿ.